ಕಡಿಮೆ ದುಡ್ಡಲ್ಲಿ ಜಗತ್ತು ಸುತ್ತುವುದು ಹೇಗೆ: ಅವಸರ ಇಲ್ಲದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಪ್ರವಾಸವನ್ನು ದುಬಾರಿ ಮಾಡುವುದು ಅವಸರ. ದೂರ ಎರಡನೇ ಕಾರಣ. ಎರಡು ವಾರದಲ್ಲಿ ಐದು ದೇಶ ನೋಡಿ ಮುಗಿಸಬೇಕು ಅಂತ ಹೊರಟವರು ಮೂರು ದಿನಕ್ಕೊಮ್ಮೆ ವಿಮಾನ ಹತ್ತಬೇಕು. ದಾರಿ ಗೊತ್ತಿಲ್ಲ ಅಂತ ಟ್ಯಾಕ್ಸಿ, ಹುಡುಕೋಕೆ ಹೊತ್ತಿಲ್ಲ ಅಂತ ಎದುರಿಗೆ ಕಂಡ ಹೋಟೆಲಲ್ಲೇ ಊಟ. ಅದೇ ದುಡ್ಡಲ್ಲಿ ಒಂದೇ ದೇಶದಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರಿದ್ದಾರೆ. ಅವರಿಗೆ ಆ ಊರಿನ ಬಸ್ಸಿನ ನಂಬರು ಗೊತ್ತಿರುತ್ತದೆ, ಪಕ್ಕದ ಮನೆಯವರ ಹೆಸರು ಗೊತ್ತಿರುತ್ತದೆ, ಅಲ್ಲಿನ ಜನ ಯಾವುದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ ಅನ್ನೋದೂ ಗೊತ್ತಿರುತ್ತದೆ.

ಈ ಬರಹ ಆ ಎರಡನೇ ತರಹದವರಿಗೆ. ದುಡ್ಡು ಉಳಿಸುವ ದಾರಿಯೂ ಲೋಕವನ್ನು ಬೇರೆ ಕಣ್ಣಿಂದ ನೋಡುವ ದಾರಿಯೂ ಹೆಚ್ಚಿನ ಕಡೆ ಒಂದೇ. ಕೆಲವು ಕಡೆ ಎರಡೂ ಬೇರೆ ಆಗುತ್ತವೆ. ಅಲ್ಲಿ ಕೈ ಬಿಗಿ ಹಿಡಿಯಬಾರದು. ಅದು ಎಲ್ಲೆಲ್ಲಿ ಅಂತಲೂ ಹೇಳುತ್ತೇನೆ.

ಹಂತ 1: ದಿನಕ್ಕೆ ಎಷ್ಟು ಅಂತ ಗೊತ್ತು ಮಾಡಿಕೊಳ್ಳಿ

ಕೈಯಲ್ಲಿರುವ ಹಣವನ್ನು 100 ಭಾಗ ಅಂದುಕೊಳ್ಳಿ. ಅದರಲ್ಲಿ 20 ಭಾಗವನ್ನು ಇಲ್ಲವೇ ಇಲ್ಲ ಅಂತ ಎತ್ತಿಡಿ. ಇದು ಆಸ್ಪತ್ರೆಗೆ, ತುರ್ತಾಗಿ ವಾಪಸ್ ಬರಬೇಕಾದರೆ ಟಿಕೆಟಿಗೆ, ಮತ್ತು ಮರಳಿದ ಮೇಲೆ ಮೊದಲ ತಿಂಗಳು ಕಳೆಯೋಕೆ. ವಿಮಾನ, ವೀಸಾ, ವಿಮೆ, ಲಸಿಕೆ ಇವಕ್ಕೆಲ್ಲ ಸುಮಾರು 30 ಭಾಗ. ಉಳಿದ 50 ಭಾಗವನ್ನು ದಿನಗಳ ಲೆಕ್ಕಕ್ಕೆ ಹಂಚಿ. ಬಂದ ಸಂಖ್ಯೆ ನಿಮ್ಮ ದಿನದ ಖರ್ಚು.

ಇದು ಸರಾಸರಿ ಅನ್ನೋದು ನೆನಪಿರಲಿ. ಒಂದು ದಿನ ಬೆಟ್ಟ ಹತ್ತೋಕೆ ಮೂರು ಪಟ್ಟು ಖರ್ಚಾದರೆ, ಮುಂದಿನ ನಾಲ್ಕು ದಿನ ಊರಲ್ಲೇ ನಡೆದಾಡಿ, ಅಡುಗೆ ಮಾಡಿಕೊಂಡು ಸರಿದೂಗಿಸಬಹುದು. ರಾತ್ರಿ ಮಲಗುವ ಮುಂಚೆ ಆ ದಿನದ ಖರ್ಚು ಬರೆದಿಡಿ. ಎರಡು ನಿಮಿಷದ ಕೆಲಸ. ಬರೆಯದೆ ಇದ್ದರೆ ಮೂರನೇ ವಾರಕ್ಕೆ ದುಡ್ಡು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಹೆಚ್ಚಿನ ಸಲ ಅದು ದೊಡ್ಡ ಖರ್ಚಲ್ಲಿ ಹೋಗಿರುವುದಿಲ್ಲ. ಕಾಫಿ, ನೀರಿನ ಬಾಟಲಿ, ಎಟಿಎಂ ಶುಲ್ಕ, "ಇವತ್ತೊಂದು ದಿನ ಟ್ಯಾಕ್ಸಿ", ಹೀಗೆ ಸೋರಿರುತ್ತದೆ.

ಹಂತ 2: ದೇಶ ಆರಿಸುವಾಗ ನಕ್ಷೆಯನ್ನು ಪೂರ್ತಿ ನಂಬಬೇಡಿ

ಸ್ವಿಟ್ಜರ್‌ಲೆಂಡ್, ನಾರ್ವೆ, ಐಸ್‌ಲ್ಯಾಂಡ್‌ನಲ್ಲಿ ಒಂದು ವಾರಕ್ಕೆ ಮುಗಿಯುವ ಹಣ ಲಾವೋಸ್, ವಿಯೆಟ್ನಾಂ, ಬೊಲಿವಿಯಾ, ಗ್ವಾಟೆಮಾಲಾದಲ್ಲಿ ಎಷ್ಟೋ ವಾರ ಬಾಳಿಕೆ ಬರುತ್ತದೆ. ಹಾಗಾಗಿ ವಿಮಾನದ ಟಿಕೆಟ್ ಅಗ್ಗ ಸಿಕ್ಕಿತು ಅನ್ನೋದೊಂದೇ ಕಾರಣಕ್ಕೆ ದುಬಾರಿ ದೇಶಕ್ಕೆ ಹೋಗಬೇಡಿ. ಹೆಚ್ಚು ದಿನ ಇರುವವರಿಗೆ ಟಿಕೆಟ್ಟಿಗಿಂತ ದಿನದ ಖರ್ಚು ಮುಖ್ಯ. ಒಂದು ವಾರದವರಿಗೆ ಇದು ತಿರುಗುಮುರುಗು.

ದೇಶಗಳು ಒಂದಕ್ಕೊಂದು ಅಂಟಿಕೊಂಡಿರುವ ಭಾಗ ಆರಿಸಿದರೆ ನೆಲದ ಮೇಲೆಯೇ ದಾಟಬಹುದು. ಆಗ್ನೇಯ ಏಷ್ಯಾ, ಬಾಲ್ಕನ್ ದೇಶಗಳು, ಮಧ್ಯ ಅಮೆರಿಕ ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಆದರೆ ದೂರದ ಅಂದಾಜು ತಪ್ಪುವ ಸಾಧ್ಯತೆ ಜಾಸ್ತಿ. ಶಾಲೆಯ ಗೋಡೆಗೆ ನೇತು ಹಾಕುತ್ತಿದ್ದ ನಕ್ಷೆ ಬಹುಪಾಲು 1569ರಲ್ಲಿ ಮರ್ಕೇಟರ್ ಎಂಬ ನಕ್ಷೆಗಾರ ಹಡಗಿನವರಿಗಾಗಿ ಮಾಡಿದ ಕ್ರಮದ್ದು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದರ 14 ಪಟ್ಟು ದೊಡ್ಡದು. ನಕ್ಷೆಯಲ್ಲಿ ಒಂದು ಬೆರಳಗಲ ಕಾಣುವ ದಾರಿ ಅಲ್ಲಿ ಮೂರು ದಿನದ ಬಸ್ ಪ್ರಯಾಣ ಇರಬಹುದು. ಒಂದು ಸಲ ಗ್ಲೋಬ್ ಇಟ್ಟುಕೊಂಡು ನೋಡಿ, ಯೋಜನೆಯಿಂದ ಎರಡು ದೇಶ ತಾನಾಗಿ ಬಿದ್ದು ಹೋಗುತ್ತವೆ.

ಸೀಸನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜನಜಾತ್ರೆ ಮುಗಿದ ಮೇಲಿನ ಒಂದು ತಿಂಗಳು, ಇಲ್ಲವೇ ಶುರುವಾಗುವ ಮುಂಚಿನ ಒಂದು ತಿಂಗಳು ಆರಿಸಿ. ಪೂರ್ತಿ ಆಫ್‌ಸೀಸನ್ ಅಂದರೆ ಕೆಲವು ಕಡೆ ರಸ್ತೆಯೇ ಮುಚ್ಚಿರುತ್ತದೆ.

ಹಂತ 3: ಕಾಗದಪತ್ರ

ಇದು ಬೇಜಾರಿನ ಕೆಲಸ. ಆದರೆ ಇಲ್ಲಿ ಎಡವಿದರೆ ಉಳಿಸಿದ್ದೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ.

ಬಹಳ ದೇಶಗಳು ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳ ಅವಧಿ ಇರಬೇಕು ಅನ್ನುತ್ತವೆ. ಖಾಲಿ ಪುಟಗಳೂ ಬೇಕು. ಯುರೋಪಿನಲ್ಲಿ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದ 29 ದೇಶಗಳಿಗೆ ಸೇರಿ ಒಂದೇ ಲೆಕ್ಕ: ಯಾವುದೇ 180 ದಿನದಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಹೋದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಇದು ಗೊತ್ತಿಲ್ಲದೆ ದಂಡ ಕಟ್ಟುವವರು ಈಗಲೂ ಇದ್ದಾರೆ. ವಿಯೆಟ್ನಾಂ 2023ರ ಆಗಸ್ಟ್‌ನಿಂದ ಎಲ್ಲ ದೇಶದವರಿಗೂ 90 ದಿನದ ಇ-ವೀಸಾ ಕೊಡುತ್ತಿದೆ. ಜಾರ್ಜಿಯಾ ಬಹಳಷ್ಟು ದೇಶದವರಿಗೆ ವೀಸಾ ಇಲ್ಲದೆ ಒಂದು ವರ್ಷ ಇರೋಕೆ ಬಿಡುತ್ತದೆ. ನಿಮ್ಮ ಪಾಸ್‌ಪೋರ್ಟ್‌ಗೆ ಯಾವ ನಿಯಮ ಅನ್ನೋದನ್ನು ಆ ದೇಶದ ಸರ್ಕಾರಿ ತಾಣದಲ್ಲೇ ನೋಡಿ. ಇ-ವೀಸಾ ಅಂತ ಹುಡುಕಿದಾಗ ಮೊದಲು ಬರುವುದು ಎಷ್ಟೋ ಸಲ ಸರ್ಕಾರಿ ತಾಣದಂತೆ ವೇಷ ಹಾಕಿದ ಖಾಸಗಿ ತಾಣ. ಎರಡು ಮೂರು ಪಟ್ಟು ಶುಲ್ಕ ಕಿತ್ತುಕೊಳ್ಳುತ್ತದೆ.

ವಿಮಾನ ಬದಲಿಸುವ ದೇಶಕ್ಕೂ ಟ್ರಾನ್ಸಿಟ್ ವೀಸಾ ಬೇಕಾ ಅಂತ ನೋಡಿ. ಮುಂದೆ ಎಲ್ಲಿಗೆ ಹೋಗುತ್ತೀರಿ ಅಂತ ಟಿಕೆಟ್ ಕೇಳುವವರು ಹೆಚ್ಚಾಗಿ ಚೆಕ್‌ಇನ್ ಕೌಂಟರಿನಲ್ಲೇ ಕೇಳುತ್ತಾರೆ. ಆಫ್ರಿಕಾ, ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹಳದಿ ಜ್ವರದ ಲಸಿಕೆಯ ಪತ್ರ ಬೇಕು. ಹಾಕಿಸಿಕೊಂಡ 10 ದಿನದ ನಂತರ ಅದು ಮಾನ್ಯವಾಗುತ್ತದೆ. 2016ರಿಂದ ಅದಕ್ಕೆ ಜೀವನಪೂರ್ತಿ ಮಾನ್ಯತೆ ಇದೆ, ಹಾಗಾಗಿ ಪತ್ರ ಕಳೆದುಕೊಳ್ಳಬೇಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಡಾರ್ಮ್‌ನಲ್ಲಿ, ಅಂದರೆ ಹಲವರು ಒಟ್ಟಿಗೆ ಮಲಗುವ ಕೋಣೆಯಲ್ಲಿ, ಮಲಗಿದ ಇಬ್ಬರಲ್ಲಿ ಒಬ್ಬರು ಬರೀ ಪಾಸ್‌ಪೋರ್ಟ್ ತೋರಿಸಿ ಒಳಗೆ ಬಂದಿರುತ್ತಾರೆ. ಇನ್ನೊಬ್ಬರು ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಹೋಟೆಲ್ ಬುಕಿಂಗ್ ಎಲ್ಲ ಕೊಟ್ಟು, ವಾರಗಟ್ಟಲೆ ಕಾದು ಬಂದಿರುತ್ತಾರೆ. ಲೋಕ ಎಲ್ಲರಿಗೂ ಒಂದೇ ಅಗಲ ಬಾಗಿಲು ತೆರೆದಿಲ್ಲ ಅನ್ನೋದು ಮೊದಲು ತಿಳಿಯೋದು ವೀಸಾ ಸಾಲಿನಲ್ಲಿ.

ಹಂತ 4: ವಿಮಾನ

ತಾರೀಕು ಹಿಂದೆ ಮುಂದೆ ಮಾಡುವಷ್ಟು ಸ್ವಾತಂತ್ರ್ಯ ಇದ್ದರೆ ಅದೇ ದೊಡ್ಡ ರಿಯಾಯಿತಿ. ಬೆಲೆ ಹೋಲಿಸುವ ತಾಣದಲ್ಲಿ ಹುಡುಕಿ, ಬುಕ್ ಮಾಡುವಾಗ ವಿಮಾನ ಕಂಪನಿಯ ತಾಣದಲ್ಲೇ ಮಾಡಿ. ವಿಮಾನ ರದ್ದಾದಾಗ ಮಧ್ಯವರ್ತಿ ಇದ್ದರೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ, ನೀವು ನಡುವೆ ನಿಲ್ಲುತ್ತೀರಿ.

ಒಂದು ಊರಿಗೆ ಹೋಗಿ ಇನ್ನೊಂದು ಊರಿನಿಂದ ವಾಪಸ್ ಬರುವ ಹಾಗೆ ಟಿಕೆಟ್ ತೆಗೆದರೆ, ಬಂದ ದಾರಿಯಲ್ಲೇ ಮರಳುವ ಖರ್ಚು ತಪ್ಪುತ್ತದೆ. ಬೇರೆ ಬೇರೆ ಟಿಕೆಟ್ ಜೋಡಿಸಿಕೊಂಡರೆ ಅಗ್ಗ, ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಜವಾಬ್ದಾರರಲ್ಲ. ಹಾಗೆ ಮಾಡಿದಾಗ ನಡುವೆ ಒಂದು ರಾತ್ರಿ ಬಿಡಿ. ಅಗ್ಗದ ವಿಮಾನಗಳ ಬೆಲೆಗೆ ಲಗೇಜು ಮತ್ತು ಊರೊಳಗೆ ಹೋಗುವ ಬಸ್ಸು ಎರಡನ್ನೂ ಸೇರಿಸಿ ನೋಡಿ. ಪ್ಯಾರಿಸ್ ಅಂತ ಹೆಸರಿಟ್ಟುಕೊಂಡ ಬೋವೆ ವಿಮಾನ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 80 ಕಿ.ಮೀ. ದೂರ ಇದೆ!

7 ಕೆಜಿಯೊಳಗಿನ ಒಂದೇ ಬ್ಯಾಗಿನಲ್ಲಿ ಹೋಗೋಕೆ ಕಲಿತರೆ ಪ್ರತಿ ವಿಮಾನದಲ್ಲೂ ಉಳಿತಾಯ. ಮೂರು ಜೊತೆ ಬಟ್ಟೆ ಸಾಕು. ಒಗೆದರೆ ಆಯಿತು.

ಹಂತ 5: ನೆಲದ ಮೇಲೆ, ನೀರಿನ ಮೇಲೆ

ರಾತ್ರಿ ರೈಲು, ರಾತ್ರಿ ಬಸ್ಸು ಅಂದರೆ ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯಿತು. ಆದರೆ ವಾರಕ್ಕೆ ಒಂದಕ್ಕಿಂತ ಜಾಸ್ತಿ ಬೇಡ. ನಿದ್ದೆಗೆಟ್ಟು ಹೊಸ ಊರು ನೋಡಿದರೆ ಏನೂ ತಲೆಗೆ ಹೋಗುವುದಿಲ್ಲ.

ಲಾವೋಸ್‌ನ ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ನದಿಯಲ್ಲಿ ಒಂದು ನಿಧಾನದ ದೋಣಿ ಹೋಗುತ್ತದೆ. ಎರಡು ದಿನ. ನಡುವೆ ಪಾಕ್‌ಬೆಂಗ್ ಎಂಬ ಊರಲ್ಲಿ ರಾತ್ರಿ ತಂಗಬೇಕು. ಇಂಥ ದೋಣಿಯಲ್ಲಿ ಪ್ರವಾಸಿಗರ ಬ್ಯಾಗಿನ ಪಕ್ಕದಲ್ಲೇ ಅಕ್ಕಿ ಮೂಟೆಗಳಿರುತ್ತವೆ. ದಡದಲ್ಲಿ ಹಳ್ಳಿಯವರೊಬ್ಬರು ಕೈ ಬೀಸಿದರೆ ದೋಣಿ ಅಲ್ಲೇ ನಿಲ್ಲುತ್ತದೆ, ಮೂಟೆ ಇಳಿಯುತ್ತದೆ, ಮತ್ತೆ ಹೊರಡುತ್ತದೆ. ಆ ನದಿ ಅಲ್ಲಿನವರಿಗೆ ರಸ್ತೆ ಅಂತ ನಿಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪಾಸ್‌ಗಳ ಬಗ್ಗೆ ಎಚ್ಚರ. "ಎಷ್ಟು ಬೇಕಾದರೂ ಓಡಾಡಿ" ಅನ್ನುವ ರೈಲು ಪಾಸ್ ಕೊಂಡರೆ ಓಡಾಡುತ್ತಲೇ ಇರಬೇಕು ಅನ್ನಿಸುತ್ತದೆ, ಅಲ್ವಾ? ಜಪಾನಿನ 7 ದಿನದ ರೈಲು ಪಾಸ್ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಹೋಗಿ ಬರುವವರಿಗೆ ಬಿಡಿ ಟಿಕೆಟ್ ಅದಕ್ಕಿಂತ ಎಷ್ಟೋ ಅಗ್ಗ. ಯಾವ ದೇಶದ್ದೇ ಆಗಲಿ, ಬಿಡಿ ಟಿಕೆಟ್‌ಗಳನ್ನು ಕೂಡಿಸಿ ನೋಡಿ, ಆಮೇಲೆ ಪಾಸ್ ಕೊಳ್ಳಿ.

ಹಂತ 6: ಉಳಿಯುವುದು ಎಲ್ಲಿ

ಜಾಸ್ತಿ ದುಡ್ಡು ಉಳಿಯೋದು ಇಲ್ಲೇ. ಜಾಸ್ತಿ ಜನ ಸಿಗೋದೂ ಇಲ್ಲೇ.

ಹಾಸ್ಟೆಲ್ ಅಂದರೆ ಇಲ್ಲಿ ಪ್ರವಾಸಿಗರಿಗೆ ಒಂದೊಂದು ಹಾಸಿಗೆಯ ಲೆಕ್ಕದಲ್ಲಿ ಬಾಡಿಗೆ ಕೊಡುವ ಜಾಗ. ಅದರ ಹಿಂದೆ ಒಂದು ಚೆನ್ನಾದ ಕಥೆ ಇದೆ. 1909ರಲ್ಲಿ ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಮೇಷ್ಟ್ರು ಮಕ್ಕಳನ್ನು ಕಾಲ್ನಡಿಗೆ ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಗುಡುಗು ಮಳೆ ಹಿಡಿಯಿತು. ಒಂದು ಶಾಲೆಯಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳಲ್ಲಿ ಮಕ್ಕಳು ಯಾಕೆ ಉಳಿಯಬಾರದು ಅಂತ ಅವರಿಗೆ ಹೊಳೆಯಿತು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ಶುರುವಾಯಿತು. ದುಡ್ಡಿಲ್ಲದ ಮಕ್ಕಳೂ ಊರು ನೋಡಲಿ ಅನ್ನೋದೇ ಅದರ ಉದ್ದೇಶ.

ಹಾಸ್ಟೆಲ್ ಆರಿಸುವಾಗ ಬೆಲೆಯ ಜೊತೆ ಅಡುಗೆಮನೆ ಇದೆಯಾ, ಲಾಕರ್ ಇದೆಯಾ, ರಾತ್ರಿ ಹೊತ್ತು ಸದ್ದು ಹೇಗಿದೆ ಅಂತ ಇತ್ತೀಚಿನ ವಿಮರ್ಶೆಗಳಲ್ಲಿ ನೋಡಿ. ಬೀಗ ನಿಮ್ಮದೇ ಇರಲಿ. ಇಯರ್‌ಪ್ಲಗ್ ಮರೆಯಬೇಡಿ. ಅಡುಗೆಮನೆಯಲ್ಲಿ ಹೆಚ್ಚಾಗಿ ಒಂದು ಶೆಲ್ಫ್ ಇರುತ್ತದೆ, ಹೊರಟು ಹೋಗುವವರು ಬಿಟ್ಟುಹೋದ ಸಾಮಾನಿನದು. ಅರ್ಧ ಪ್ಯಾಕೆಟ್ ಪಾಸ್ತಾ, ಕಾಲು ಬಾಟಲಿ ಎಣ್ಣೆ, ಉಪ್ಪು, ಯಾವುದೋ ಭಾಷೆಯ ಲೇಬಲ್ ಇರುವ ಮಸಾಲೆ. ಅಂಗಡಿಗೆ ಹೋಗುವ ಮುಂಚೆ ಅದನ್ನು ನೋಡಿ. ಅಲ್ಲಿ ನಿಂತು ಈರುಳ್ಳಿ ಹೆಚ್ಚುತ್ತಾ ಆಡುವ ಮಾತಲ್ಲಿ ಮುಂದಿನ ಊರಿನ ಸುದ್ದಿ ಬಿಟ್ಟಿಯಾಗಿ ಸಿಗುತ್ತದೆ: ಗಡಿಯಲ್ಲಿ ಯಾವ ಕೌಂಟರ್, ಯಾವ ಬಸ್ಸು ಈಗ ಓಡುತ್ತಿಲ್ಲ, ಯಾರು ಮೋಸ ಮಾಡುತ್ತಿದ್ದಾರೆ.

ಒಂದೇ ಊರಲ್ಲಿ ಮೂರು ವಾರಕ್ಕಿಂತ ಹೆಚ್ಚು ಇರುವುದಾದರೆ ತಿಂಗಳ ಬಾಡಿಗೆ ಕೇಳಿ. ದಿನದ ಲೆಕ್ಕಕ್ಕಿಂತ ತುಂಬಾ ಕಡಿಮೆ ಆಗುತ್ತದೆ.

ಕೆಲಸ ಮಾಡಿ ಊಟ ವಸತಿ ಪಡೆಯುವ ದಾರಿಯೂ ಇದೆ. ವೂಫ್ ಎಂಬ ಜಾಲ 1971ರಲ್ಲಿ ಇಂಗ್ಲೆಂಡ್‌ನಲ್ಲಿ ಶುರುವಾಯಿತು. ಸಾವಯವ ತೋಟಗಳಲ್ಲಿ ದಿನಕ್ಕೆ ಅರ್ಧ ದಿನದಷ್ಟು ಕೆಲಸ, ಬದಲಿಗೆ ಊಟ ಮತ್ತು ಹಾಸಿಗೆ. ವರ್ಕ್‌ಅವೇ ಇದೇ ತರಹದ್ದು, ಹಾಸ್ಟೆಲ್, ಮನೆ ಕೆಲಸ ಎಲ್ಲ ಸೇರಿದೆ. ಸೈಕಲ್ ತುಳಿಯುವವರಿಗೆ ವಾರ್ಮ್‌ಶವರ್ಸ್ ಇದೆ, ಸೈಕಲ್ ಪ್ರವಾಸಿಗರನ್ನು ತಮ್ಮ ಮನೆಯಲ್ಲಿ ಬಿಟ್ಟಿಯಾಗಿ ಉಳಿಸಿಕೊಳ್ಳುವವರ ಜಾಲ ಅದು. ಆದರೆ ಒಂದು ಗಂಭೀರ ಎಚ್ಚರಿಕೆ: ಊಟ ವಸತಿಗಾಗಿ ಮಾಡುವ ಕೆಲಸವನ್ನೂ ಕೆಲವು ದೇಶಗಳು ಕೆಲಸ ಅಂತಲೇ ಲೆಕ್ಕ ಹಾಕುತ್ತವೆ. ಪ್ರವಾಸಿ ವೀಸಾದಲ್ಲಿ ಬಂದು ಗಡಿಯಲ್ಲಿ ಹಾಗೆ ಹೇಳಿ ವಾಪಸ್ ಹೋದವರಿದ್ದಾರೆ. ಹೊರಡುವ ಮುಂಚೆಯೇ ಆ ದೇಶದ ನಿಯಮ ನೋಡಿ.

ದುಬಾರಿ ದೇಶಗಳಲ್ಲೂ ಸಂದಿಗಳಿವೆ. ನಾರ್ವೆಯಲ್ಲಿ ಸಾಗುವಳಿ ಇಲ್ಲದ ಬಯಲು ಜಾಗದಲ್ಲಿ, ಹತ್ತಿರದ ಮನೆಯಿಂದ 150 ಮೀಟರ್ ದೂರದಲ್ಲಿ, ಎರಡು ರಾತ್ರಿಯವರೆಗೆ ಯಾರ ಅಪ್ಪಣೆಯೂ ಇಲ್ಲದೆ ಟೆಂಟ್ ಹಾಕಬಹುದು. ಅದು ಕಾನೂನೇ ಕೊಟ್ಟ ಹಕ್ಕು. ಸ್ಪೇನಿನ ಸಾಂಟಿಯಾಗೊಗೆ ಹೋಗುವ ಕ್ರೈಸ್ತರ ಕಾಲ್ನಡಿಗೆ ಯಾತ್ರೆಯ ದಾರಿಯಲ್ಲಿ, ಫ್ರಾನ್ಸಿನ ಗಡಿಯಿಂದ ಸುಮಾರು 780 ಕಿ.ಮೀ., ಯಾತ್ರಿಕರ ಪುಸ್ತಕ (ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಳ್ಳುವ ಗುರುತಿನ ಪುಸ್ತಕ) ಇದ್ದವರಿಗೆ ಕಡಿಮೆ ದರದ ತಂಗುದಾಣಗಳಿವೆ. ಕೆಲವು ಕಡೆ ದರವೇ ಇಲ್ಲ, ಡಬ್ಬಿಗೆ ಕೈಲಾದಷ್ಟು ಹಾಕುವುದು. ಹಾಗಂತ ಏನೂ ಹಾಕದೆ ಹೋಗುವುದು ಜಾಣತನ ಅಲ್ಲ. ಇವತ್ತಿನ ನಿಮ್ಮ ಊಟ ನಿನ್ನೆ ಬಂದವರು ಹಾಕಿದ ದುಡ್ಡು.

ಹಂತ 7: ಊಟ, ಕಾರ್ಡ್, ಟಿಕೆಟ್

ಮಧ್ಯಾಹ್ನದ ಊಟವನ್ನೇ ದೊಡ್ಡದು ಮಾಡಿ. ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಕೆಲಸಕ್ಕೆ ಹೋಗುವವರಿಗೆ ಅಂತಲೇ ಮಧ್ಯಾಹ್ನ ಸೆಟ್ ಊಟ ಇರುತ್ತದೆ. ಅದೇ ಹೋಟೆಲಲ್ಲಿ ರಾತ್ರಿ ಅಷ್ಟಕ್ಕೆ ಒಂದು ತಟ್ಟೆ ತಿಂಡಿಯೂ ಬರುವುದಿಲ್ಲ. ಮುಖ್ಯ ಚೌಕದಿಂದ ಮೂರು ಬೀದಿ ಆಚೆ ಹೋಗಿ, ಚಿತ್ರ ಇಲ್ಲದ ಮೆನು ಇರುವ ಕಡೆ ಕೂತುಕೊಳ್ಳಿ.

ಎಟಿಎಂ ಅಥವಾ ಅಂಗಡಿಯ ಯಂತ್ರ "ನಿಮ್ಮ ದೇಶದ ಹಣದಲ್ಲಿ ಕಡಿತ ಮಾಡಲೇ?" ಅಂತ ಕೇಳುತ್ತದೆ. ಬೇಡ ಅನ್ನಿ. ಆ ದೇಶದ ಹಣದಲ್ಲೇ ಕಡಿತವಾಗಲಿ. ಆ ಸಹಾಯದ ಗುಂಡಿ ಒತ್ತಿದರೆ ವಿನಿಮಯ ದರದಲ್ಲಿ ಸದ್ದಿಲ್ಲದೆ ನಷ್ಟ. ಪದೇ ಪದೇ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಮ್ಮೆಗೇ ವಾರಕ್ಕಾಗುವಷ್ಟು ತೆಗೆಯಿರಿ. ಎರಡು ಕಾರ್ಡ್ ಇರಲಿ, ಒಂದೇ ಪರ್ಸ್‌ನಲ್ಲಿ ಬೇಡ.

ನೋಡುವ ಜಾಗಗಳಲ್ಲಿ ಎಷ್ಟೋ ಉಚಿತ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಗ್ರಹಾಲಯಗಳಿಗೆ ಪ್ರವೇಶ ಶುಲ್ಕವೇ ಇಲ್ಲ. ಮ್ಯಾಡ್ರಿಡ್‌ನ ಪ್ರಾಡೊ ಕಲಾ ಸಂಗ್ರಹಾಲಯದಲ್ಲಿ ದಿನದ ಕೊನೆಯ ಎರಡು ಗಂಟೆ ಬಿಟ್ಟಿ.

ಹಂತ 8: ಎಲ್ಲಿ ಉಳಿಸಬಾರದು

ವಿಮೆ ಮೊದಲು. ಅದರಲ್ಲಿ ಆಸ್ಪತ್ರೆ ಖರ್ಚು ಮತ್ತು ಚಿಕಿತ್ಸೆಗೆ ನಿಮ್ಮನ್ನು ಬೇರೆ ಊರಿಗೆ ಸಾಗಿಸುವ ಖರ್ಚು ಇರಲೇಬೇಕು. ಬ್ಯಾಗ್ ಕಳೆದರೆ ಕೊಡುವ ಪರಿಹಾರ ಎಷ್ಟಾದರೂ ಪರವಾಗಿಲ್ಲ. ಬಾಡಿಗೆ ಬೈಕ್ ಓಡಿಸಿ ಬಿದ್ದವರಿಗೆ ವಿಮೆ ಸಿಗದೆ ಇರೋದು ಮಾಮೂಲು, ಯಾಕೆಂದರೆ ಕಾರಿನ ಲೈಸೆನ್ಸ್ ಬೈಕಿಗೆ ಆಗುವುದಿಲ್ಲ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್‌ನಲ್ಲೂ 1949ರ ಒಪ್ಪಂದದ್ದು, 1968ರ ಒಪ್ಪಂದದ್ದು ಅಂತ ಎರಡು ತರಹ ಇವೆ. ವಿಯೆಟ್ನಾಂ ಎರಡನೆಯದನ್ನು ಮಾತ್ರ ಒಪ್ಪುತ್ತದೆ.

ಗೊತ್ತಿಲ್ಲದ ಊರಿಗೆ ನಡುರಾತ್ರಿ ತಲುಪಿದರೆ ಟ್ಯಾಕ್ಸಿ ಮಾಡಿ, ಲೆಕ್ಕ ನೋಡಬೇಡಿ. ಎತ್ತರದ ಊರಿಗೆ ಹೋದರೆ ವಿಶ್ರಾಂತಿಯ ದಿನಗಳಿಗೂ ದುಡ್ಡು ಇಟ್ಟುಕೊಳ್ಳಿ. ಬೊಲಿವಿಯಾದ ಲಾ ಪಾಜ್ ಸುಮಾರು 3,600 ಮೀಟರ್ ಎತ್ತರದಲ್ಲಿದೆ, ಮೊದಲ ದಿನ ಮೆಟ್ಟಿಲು ಹತ್ತೋದೇ ಸಾಹಸ.

ಇನ್ನೊಂದು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ನೀವು ಉಳಿಸಿದ ದುಡ್ಡು ಯಾರ ಜೇಬಿನಿಂದ ಬಂತು ಅಂತ ನೋಡಿ. ಟಾಂಜಾನಿಯಾದ ಕಿಲಿಮಂಜಾರೊ ಬೆಟ್ಟ ಹತ್ತಿಸುವ ಕಂಪನಿ ಉಳಿದವರಿಗಿಂತ ಅರ್ಧ ಬೆಲೆ ಹೇಳಿದರೆ, ಪಾರ್ಕಿನ ಶುಲ್ಕದಲ್ಲಿ ಉಳಿಸೋಕೆ ಆಗುವುದಿಲ್ಲ, ಅದು ಸರ್ಕಾರದ್ದು. ಉಳಿಯೋದು ಸಾಮಾನು ಹೊರುವವರ ಕೂಲಿ, ಅವರ ಊಟ, ಅವರ ಟೆಂಟ್. ಸಂತೆಯಲ್ಲಿ ಚೌಕಾಸಿ ಮಾಡಿ, ನಗುನಗುತ್ತಾ ಮಾಡಿ. ಆದರೆ ನಿಮಗೆ ಲೆಕ್ಕಕ್ಕೇ ಬರದ ಮೊತ್ತಕ್ಕೆ ಹತ್ತು ನಿಮಿಷ ಜಗ್ಗಾಡಿ, ಅದನ್ನೇ ಸಾಧನೆ ಅಂತ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಹಂತ 9: ನೋಟ ಬದಲಾಗಬೇಕಾದರೆ

ಊರು ಸುತ್ತಿದ ಮಾತ್ರಕ್ಕೆ ಯಾರ ಕಣ್ಣೂ ತೆರೆಯುವುದಿಲ್ಲ. ಮೂವತ್ತು ದೇಶ ನೋಡಿ, ಹೋಗುವಾಗ ಇದ್ದ ಅಭಿಪ್ರಾಯವನ್ನೇ ಗಟ್ಟಿ ಮಾಡಿಕೊಂಡು ಬಂದವರಿದ್ದಾರೆ. ಇದಕ್ಕೂ ಸ್ವಲ್ಪ ಕೆಲಸ ಮಾಡಬೇಕು.

ಹೊರಡುವ ಮುಂಚೆ ಆ ದೇಶದ ಬಗ್ಗೆ ನಿಮಗೆ ಏನೇನು ಗೊತ್ತು, ಏನೇನು ಅನ್ನಿಸುತ್ತದೆ ಅಂತ ಒಂದು ಪುಟ ಬರೆದಿಡಿ. ಸುಮ್ನೆ, ಯಾರಿಗೂ ತೋರಿಸಬೇಕಾಗಿಲ್ಲ. ಮೂರು ವಾರದ ನಂತರ ಅದನ್ನು ತೆಗೆದು ಪೆನ್ಸಿಲ್‌ನಲ್ಲಿ ಹೊಡೆದು ಹಾಕುತ್ತಾ ಹೋಗಿ. ಅಲ್ಲಿನವರೇ ಬರೆದ ಒಂದು ಇತಿಹಾಸ, ಒಂದು ಕಾದಂಬರಿ ಓದಿ.

ಇಥಿಯೋಪಿಯಾದಲ್ಲಿ ಗಂಟೆ ಎಣಿಸೋದು ಬೆಳಗಿನಿಂದ. ನಮ್ಮ ಬೆಳಗಿನ 7 ಗಂಟೆ ಅಲ್ಲಿ 1 ಗಂಟೆ. ವರ್ಷಕ್ಕೆ 13 ತಿಂಗಳು: 30 ದಿನದ 12, ಆಮೇಲೆ 5 ಅಥವಾ 6 ದಿನದ ಪುಟ್ಟದೊಂದು. ಅವರು 2000ನೇ ಇಸವಿಯನ್ನು ಬರಮಾಡಿಕೊಂಡಿದ್ದು ನಮ್ಮ 2007ರ ಸೆಪ್ಟೆಂಬರ್‌ನಲ್ಲಿ. ಬಸ್ಸಿನ ಟಿಕೆಟ್ ಮೇಲೆ 12 ಅಂತ ಇದ್ದರೆ ಅದು ಬೆಳಗಿನ ಜಾವ 6 ಇರಬಹುದು, ಹಾಗಾಗಿ ಯಾವ ಲೆಕ್ಕದ ಗಂಟೆ ಅಂತ ಕೇಳಲೇಬೇಕು. ಸೂರ್ಯ ಹುಟ್ಟಿದ ಮೇಲೆ ಒಂದು ಅಂತ ಎಣಿಸೋದರಲ್ಲಿ ತಪ್ಪೇನಿದೆ? ನಡುರಾತ್ರಿಯಿಂದ ಎಣಿಸೋದೇ ವಿಚಿತ್ರ ಅಂತ ನಾಲ್ಕು ದಿನದಲ್ಲಿ ಅನ್ನಿಸೋಕೆ ಶುರುವಾಗುತ್ತದೆ.

ಲಾವೋಸ್‌ನ ಕಥೆ ಬೇರೆ ತರಹದ್ದು. 1964ರಿಂದ 1973ರವರೆಗೆ ಅಮೆರಿಕ ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಹಾಕಿತು. ಸಿಡಿಯದೆ ಉಳಿದವು ಇವತ್ತಿಗೂ ಹೊಲದಲ್ಲಿವೆ. ಫೋನ್‌ಸವಾನ್ ಹತ್ತಿರದ ಬಾನ್ ನಾಪಿಯಾ ಹಳ್ಳಿಯಲ್ಲಿ ಯುದ್ಧದ ಅಲ್ಯೂಮಿನಿಯಂ ಚೂರುಗಳನ್ನು ಕರಗಿಸಿ ಚಮಚ ಮಾಡುತ್ತಾರೆ. ಮರ ಮತ್ತು ಬೂದಿಯ ಅಚ್ಚು. ಅದರೊಳಗೆ ಕರಗಿದ ಲೋಹ ಹೊಯ್ಯುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಅಚ್ಚು ಬಿಚ್ಚಿದರೆ ಚಮಚ. ಕೈಗೆ ತೆಗೆದುಕೊಂಡರೆ ಹೂವಿನಷ್ಟು ಹಗುರ. ವಿಯೆಟ್ನಾಂನ ಹೋ ಚಿ ಮಿನ್ ನಗರದ ಯುದ್ಧ ಸಂಗ್ರಹಾಲಯವನ್ನೂ ನೋಡಿ. ಅಲ್ಲಿ ಒಂದೇ ಕಡೆಯ ಮಾತಿದೆ ಅಂತ ದೂರುವವರಿದ್ದಾರೆ. ಸರಿ, ಆದರೆ ಇಷ್ಟು ದಿನ ಸಿನಿಮಾಗಳಲ್ಲಿ ನಾವು ಕೇಳಿದ್ದು ಇನ್ನೊಂದು ಕಡೆಯ ಮಾತನ್ನೇ ತಾನೇ?

ಭಾಷೆ ಕಲಿಯೋಕೆ ಒಂದಿಷ್ಟು ದಿನ ಕೊಡಿ. ಗ್ವಾಟೆಮಾಲಾದ ಆಂಟಿಗ್ವಾ, ಕೆತ್ಸಾಲ್ತೆನಾಂಗೊ ಊರುಗಳಲ್ಲಿ ಸ್ಪ್ಯಾನಿಷ್ ಕಲಿಸುವ ಸಣ್ಣ ಶಾಲೆಗಳು ಬಹಳ ಇವೆ. ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕರು, ಉಳಿಯೋಕೆ ಒಂದು ಕುಟುಂಬದ ಮನೆ. ಮಗುವಿನಷ್ಟು ಮಾತ್ರ ಮಾತು ಬಂದಾಗ ಆ ಮನೆಯ ಮಕ್ಕಳೇ ನಿಮ್ಮನ್ನು ತಿದ್ದುತ್ತಾರೆ. ಓದಿದವರು, ಸಂಪಾದಿಸುವವರು ಅನ್ನುವ ಜಂಬ ಇಳಿಯೋಕೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಅಂಗಡಿ, ಕ್ಷೌರ, ಬಟ್ಟೆ ಒಗೆಸೋದು, ಗ್ರಂಥಾಲಯ ಇವೆಲ್ಲ ಒಂದೇ ಕಡೆ ಮಾಡಿ. ನಾಲ್ಕನೇ ಸಲ ಹೋದಾಗ ಮಾತು ಬೆಳೆಯುತ್ತದೆ. ಬಾಡಿಗೆ ಎಷ್ಟು, ಮಕ್ಕಳ ಓದಿಗೆ ಏನು ಮಾಡುತ್ತಾರೆ, ವಯಸ್ಸಾದವರನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ. ನಿಮ್ಮನ್ನೂ ಕೇಳುತ್ತಾರೆ, ಮುಚ್ಚುಮರೆ ಇಲ್ಲದೆ ಹೇಳಿ. "ಇಲ್ಲಿನ ಜನವೇ ಹೀಗೆ" ಅಂತ ಬರೆಯುವ ಮುಂಚೆ, ಆ ಊರಿನ ಎಷ್ಟು ಜನರ ಹೆಸರು ಗೊತ್ತು ಅಂತ ಎಣಿಸಿ ನೋಡಿ.

ಸೇವೆ ಮಾಡುವ ಆಸೆ ಇದ್ದರೆ ಅನಾಥಾಲಯಗಳಿಂದ ದೂರ ಇರಿ. ಕಾಂಬೋಡಿಯಾದ ಅನಾಥಾಲಯಗಳಲ್ಲಿ ಇದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಅಂತ ಯುನಿಸೆಫ್ ಹಿಂದೆಯೇ ಹೇಳಿದೆ. ಪ್ರವಾಸಿಗರು ಬರುತ್ತಾರೆ, ದುಡ್ಡು ಕೊಡುತ್ತಾರೆ ಅಂತಲೇ ಮಕ್ಕಳನ್ನು ತುಂಬಿಸಿಕೊಳ್ಳುವ ಕಡೆ ಎರಡು ವಾರ ಆಟ ಆಡಿಸಿ ಬಂದರೆ ಒಳ್ಳೆಯದಾಗುವುದು ನಿಮ್ಮ ಫೋಟೋಗೆ ಮಾತ್ರ.

ಹಂತ 10: ಮರಳಿದ ಮೇಲೆ

ಫೋಟೋ ಕಳಿಸುತ್ತೇನೆ ಅಂತ ಮಾತು ಕೊಟ್ಟವರಿಗೆ ಮೊದಲ ವಾರದಲ್ಲೇ ಕಳಿಸಿ. ಆಮೇಲೆ ಅಂದರೆ ಆಗುವುದಿಲ್ಲ. ಖರ್ಚಿನ ಪುಸ್ತಕ ತೆಗೆದು ಪ್ರತಿ ದೇಶಕ್ಕೂ ದಿನಕ್ಕೆ ಎಷ್ಟು ಆಯಿತು ಅಂತ ಬೇರೆ ಬೇರೆ ಲೆಕ್ಕ ಹಾಕಿಡಿ. ವಿಮಾನದ ಖರ್ಚನ್ನು ಇದರಲ್ಲಿ ಸೇರಿಸಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಅನ್ನು ಎರಡು ತಿಂಗಳವರೆಗೆ ನೋಡುತ್ತಿರಿ. ಹೋಟೆಲಿನವರು ಹಿಡಿದಿಟ್ಟ ಮುಂಗಡ ವಾಪಸ್ ಬಂದಿದೆಯಾ, ನೀವು ಮಾಡದ ಖರ್ಚು ಯಾವುದಾದರೂ ಕಾಣುತ್ತಿದೆಯಾ ಅಂತ. ಹಾಗೇನಾದರೂ ಕಂಡರೆ ಅವತ್ತೇ ಬ್ಯಾಂಕಿಗೆ ತಿಳಿಸಿ. ದೂರು ಕೊಡೋಕೆ ಅವರದ್ದೇ ಒಂದು ಗಡುವು ಇರುತ್ತದೆ.